ಖಾಲಿ ಉಳಿದ ಚೌಕ

ಆ ರೇಷ್ಮೆ ಗಿರಣಿಯ ಧಣಿಗಳು ಫ್ರಾನ್ಸಿನವರು. ಇಂಗ್ಲಿಷ್ ಕಾಗದ ಅವರಿಗೆ ಆಗದು. ಅದಕ್ಕೆಂದೇ ಫ್ರೆಂಚ್ ಬಲ್ಲ ಗುಮಾಸ್ತನೊಬ್ಬ ಇದ್ದ.

ಯಂತ್ರಕ್ಕೆ ಕೈ ಸಿಕ್ಕಿದ ದುಗ್ಗಪ್ಪನ ಬಗ್ಗೆ ಮ್ಯಾನೇಜರ್ ವಾಮನರಾಯರು ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದರು: ಅವನನ್ನು ‘ರಿಲೀವ್’ ಮಾಡಲಾಗಿದೆ.

“ಸ್ವಾಮಿ, ಫ್ರೆಂಚಿನಲ್ಲಿ ಇದಕ್ಕೆ ಬೇರೆ ಬೇರೆ ಪದಗಳಿವೆ. ನೋವು ನೀಗಿಸಿದೆವು ಅನ್ನಲೋ, ಕೆಲಸದಿಂದ ಬಿಡಿಸಿದೆವು ಅನ್ನಲೋ?”

“ನೋವು ಅಂತಲೇ ಬರಿ. ನಿನಗೂ ಕೆಲಸ ಬೇಕು ತಾನೇ?”

ಗುಮಾಸ್ತ ಹಾಗೇ ಬರೆದ. ಕೂಲಿಯವನ ಬಗ್ಗೆ ಬರೆದ ಕಾಗದವನ್ನು ಅವನಿಗೇ ಓದಿ ಹೇಳಿ, ಕೆಳಗಿನ ಚೌಕದಲ್ಲಿ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಗಿರಣಿಯ ಪದ್ಧತಿ. ದುಗ್ಗಪ್ಪನ ಮನೆಗೂ ಹೋಗಿಬಂದ.

ಮಾರನೆಯ ದಿನ ರಾಯರು ಆಫೀಸು ಪ್ರತಿ ನೋಡಿದರು. ಚೌಕ ಖಾಲಿ.

“ಹೆಬ್ಬೆಟ್ಟು ಎಲ್ಲಯ್ಯಾ? ಅವನು ಒಪ್ಪಲಿಲ್ಲವೋ?”

“ಪಾಪ, ಒಪ್ಪಿದ. ಒತ್ತುವುದಕ್ಕೆ ಬೆರಳೇ ಇರಲಿಲ್ಲ.”

“ಬಲಗೈದು ಒತ್ತಿಸಬೇಕಿತ್ತು!”

“ಎಡದ್ದೇ ಆಗಬೇಕು ಅನ್ನುವ ಆರ್ಡರಿಗೆ ತಮ್ಮದೇ ಸಹಿ ಇದೆ, ಸ್ವಾಮಿ. ಚೌಕ ಖಾಲಿ ಬಿಟ್ಟರೆ ಕಾರಣ ಬರೆಯಬೇಕು ಅಂತಲೂ ಇದೆ. ಧಣಿಗಳ ಪ್ರತಿಯಲ್ಲಿ ಬರೆದು ಬೆಳಿಗ್ಗೆಯೇ ಟಪಾಲಿಗೆ ಹಾಕಿದೆ.”

ರಾಯರು ಕುರ್ಚಿಯಿಂದ ಎದ್ದರು. “ಏನಂತ ಬರೆದೆ?”

“ಹೆಬ್ಬೆರಳು ನಮ್ಮ ಯಂತ್ರದಲ್ಲಿ ಹೋಯಿತು ಅಂತ. ಅದಕ್ಕೆ ಫ್ರೆಂಚಿನಲ್ಲೂ ಒಂದೇ ಅರ್ಥ.”