ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು

ಕಲ್ಲು ಕ್ವಾರಿಯ ಹಳೇ ಪಿಕಪ್‌ಗೆ ಬ್ರೇಕ್ ಬದಲಿಸಿ ಎಂದು ಡ್ರೈವರ್ ಮೂರು ತಿಂಗಳಿಂದ ಕೇಳುತ್ತಿದ್ದ. ಸಾಹುಕಾರ ವೀರಬಸಪ್ಪ ಮೀಸೆ ತಿರುವಿದ.

"ಆಯುಧಪೂಜೆಗೆ ನಾಕೂ ಗಾಲಿಗೆ ನಿಂಬಿಹಣ್ಣು ಇಟ್ಟು ಹಾಯಿಸೀವಿ. ಅದೇ ಕಾಯ್ತದ. ಸುಮ್ನ ಲೋಡ್ ಹೊಡಿ."

ಡ್ರೈವರ್ ಕೈಮುಗಿದ. ಮರುದಿನ ಕಲ್ಲು ತುಂಬಿಕೊಂಡು ಇಳಿಜಾರಿನ ಮೇಲ್ತುದಿಗೆ ಬಂದು ನಿಂತ. ಹಿಂದೆಯೇ ಸಾಹುಕಾರನ ಹೊಸ ಕಾರು ಬಂತು.

"ಸಾವ್ಕಾರ್ರ, ಇವತ್ತು ನಿಮ್ಮ ಕಾರು ಮುಂದ ಇಳೀಲಿ."

"ಯಾಕೋ?"

"ಬ್ರೇಕ್ ಹತ್ತಲಿಲ್ಲಂದ್ರ ಪಿಕಪ್ ಯಾವುದಕ್ಕಾದ್ರೂ ತಾಗಿ ನಿಲ್ಲಬೇಕಲ್ರಿ."

"ನನ್ನ ಕಾರು ಅಪ್ಪಚ್ಚಿ ಆಗ್ತದಲ್ಲೋ!"

"ಹೆಂಗ ಆಗ್ತದ್ರಿ? ಅದಕ್ಕೂ ನಿಂಬಿಹಣ್ಣು ಇಟ್ಟೀವಲ್ಲ."

ಸಾಹುಕಾರನ ಮೀಸೆ ಇಳಿಯಿತು. ಲೋಡನ್ನು ಅಲ್ಲೇ ಇಳಿಸಿ ಗ್ಯಾರೇಜಿನವನನ್ನು ಕರೆಸಿದ. ಸಂಜೆಯೊಳಗೆ ಪಿಕಪ್‌ಗೆ ಹೊಸ ಬ್ರೇಕ್ ಕೂತಿತು. ಆದರೂ ಆ ಇಳಿಜಾರಿನಲ್ಲಿ ಸಾಹುಕಾರನ ಕಾರು ಇವತ್ತಿಗೂ ಪಿಕಪ್‌ನ ಹಿಂದೆಯೇ ಇಳಿಯುತ್ತದೆ.