ಕಣ್ಣಳತೆಯ ಕುಪ್ಪಸ

ಕೃಷ್ಣೆಯ ದಂಡೆಯ ಒಂದು ಮಠದಲ್ಲಿ ಗುರುಬಸವ್ವತಾಯಿ ಇದ್ದರು. ಮೂವತ್ತೊಂದು ಸಲ ಶ್ರೀಶೈಲಕ್ಕೆ ನಡೆದು ಹೋಗಿ ಬಂದವರು. ದಾರಿ ನಡೆಯುವವರ ಕಾಲಿನ ಕಷ್ಟ ಅವರಿಗೆ ಗೊತ್ತಿಲ್ಲದ್ದೇನಲ್ಲ.

ಅವರ ಶಿಷ್ಯೆ ನಿಂಬೆವ್ವ. ಪೇಟೆಯಲ್ಲಿ ಅವಳದೊಂದು ಹೊಲಿಗೆ ಅಂಗಡಿ. ದಿನಾ ಬೆಳಗ್ಗೆ ಅಂಗಡಿ ತೆರೆಯುವ ಮೊದಲು ಹೊಳೆದಂಡೆಗುಂಟ ಓಟ. ಯಾರೂ ಕಲಿಸಿದ್ದಲ್ಲ. ಹೋದ ವರ್ಷ ನೂರು ಕಿಲೋಮೀಟರಿನ ಓಟಕ್ಕೆ ಹೋಗಿ, ಎಪ್ಪತ್ತಕ್ಕೆ ಕಾಲು ಸೋತು ಕೂತಿದ್ದಳು. ಈ ಸಲ ಮುಗಿಸಿಯೇ ಬರುತ್ತೇನೆಂದು ಇಡೀ ಪೇಟೆಗೆ ಹೇಳಿಕೊಂಡಿದ್ದಳು.

ಓಟಕ್ಕೆ ಐದು ದಿನ ಇರುವಾಗ ಕುಂಟುತ್ತ ಮಠಕ್ಕೆ ಬಂದಳು.

“ಹುಲಿ ಹಂಗ ಓಡಾಕಿ, ಇವತ್ತ ಬಾತುಕೋಳಿ ಹಂಗ ಬಂದಿ?” ಎಂದರು ತಾಯಿ.

ನಿಂಬೆವ್ವ ಬೂಟು ಬಿಚ್ಚಿದಳು. ಎರಡೂ ಕಿರುಬೆರಳಿನ ಉಗುರು ಕಪ್ಪಗಾಗಿದ್ದವು.

ಬೂಟು ಒಂದು ಕಂಪನಿಯವರು ಕೊಟ್ಟದ್ದು. ಹತ್ತು ವರ್ಷ ತನ್ನಷ್ಟಕ್ಕೆ ತಾನು ಓಡಿದವಳಿಗೆ, ಯಾರಾದರೂ ಕರೆದು ಕೊಟ್ಟ ಮೊದಲ ವಸ್ತು. ಅದನ್ನು ಹಾಕಿಕೊಂಡು ಓಡಬೇಕು, ಫೋಟೊಕ್ಕೆ ನಿಲ್ಲಬೇಕು. ಅವರು ಕೇಳಿದ್ದು ಅಷ್ಟೇ. ಆದರೆ ಅಗಲ ಪಾದದವಳಿಗೆ ಬೂಟು ಬಿಗಿ. ದಾನದ ಆಕಳ ಹಲ್ಲು ಎಣಿಸಿದವಳು ಅನ್ನಿಸಿಕೊಳ್ಳಬಾರದೆಂದು ಬಾಯಿ ಮುಚ್ಚಿಕೊಂಡಿದ್ದಳು.

“ತಾಯಿ, ನಡೆಯೋರ ಕಾಲಿಗೆ ನೀವು ಮದ್ದು ಹಚ್ತೀರಲ್ರಿ. ನೋವು ಗೊತ್ತಾಗದಂಥಾದ್ದು ಏನರ ಕೊಡ್ರಿ. ಒಂದು ದಿನ ತಡೆದ್ರ ಸಾಕು.”

ತಾಯಿ ಒಳಗೆ ಹೋದರು. ತೊಟ್ಟಿದ್ದ ಕುಪ್ಪಸ ಬದಲಿಸಿ, ಬಿಚ್ಚಿದ್ದನ್ನು ತಂದು ಅವಳ ಮಡಿಲಿಗೆ ಹಾಕಿದರು.

“ಮೊದಲ ನನ್ನ ಕೆಲಸ. ಈ ಕುಪ್ಪಸದ ತೋಳು ಬಿಗಿ ಐತಿ. ನನ್ನ ರಟ್ಟಿ ಒಂದೀಟು ಕೆತ್ತಿ ಕೊಡು.”

ನಿಂಬೆವ್ವನಿಗೆ ನೋವಿನಲ್ಲೂ ನಗು ಬಂತು.

“ರಟ್ಟಿ ಯಾರರ ಕೆತ್ತತಾರೇನ್ರಿ? ಕುಪ್ಪಸದ ಹೊಲಿಗಿ ಬಿಡಿಸಿ ಸಡಿಲ ಮಾಡಬೇಕು. ಇಂಥಾ ಗಿರಾಕಿನ್ನ ನಾ ಎಲ್ಲೂ ಕಂಡಿಲ್ಲ.”

ಸೆರಗಿನ ಪಿನ್ನು ತೆಗೆದು ತೋಳಿನ ಹೊಲಿಗೆ ಬಿಚ್ಚತೊಡಗಿದಳು. ಹೊಲಿಗೆಯ ಕೊನೆಯಲ್ಲಿ ಕೆಂಪು ದಾರದ ಮೂರು ಗಂಟು. ಅವಳ ಕೈ ನಿಂತಿತು.

ಅದು ಅವಳದೇ ಗುರುತು. ಹೋದ ಶಿವರಾತ್ರಿಗೆ ಅವಳೇ ಹೊಲಿದು ತಂದು ಪಾದದ ಹತ್ತಿರ ಇಟ್ಟ ಕುಪ್ಪಸ. ಗುರುವಿನ ಮೈಗೆ ಟೇಪು ಹಿಡಿಯಲು ಅಂಜಿ ಕಣ್ಣಳತೆಯಲ್ಲೇ ಹೊಲಿದಿದ್ದಳು.

ತಲೆಯೆತ್ತಿ ತಾಯಿಯ ರಟ್ಟೆ ನೋಡಿದಳು. ಸುತ್ತಲೂ ಬಳೆ ತೊಡಿಸಿದ ಹಾಗೆ ಕೆಂಪು ಬರೆ.

“ವರ್ಷಪೂರ್ತಿ ಹಿಂಗ ಹಾಕ್ಕೊಂಡೀರೇನ್ರಿ?”

“ಪ್ರೀತಿಲೆ ಕೊಟ್ಟಿದ್ದಿ. ಹೆಂಗ ಹೇಳ್ಲಿ?”

ನಿಂಬೆವ್ವನಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

“ಹೇಳಿದ್ರ ಕೂತಲ್ಲೇ ಬಿಡಿಸಿ ಕೊಡ್ತಿದ್ದೆ. ಹೇಳದಿದ್ರ ಕೊಟ್ಟಾಕಿಗೆ ಹೆಂಗ ತಿಳೀತೈತಿ?”

ತಾಯಿ ಬೂಟನ್ನು ಎತ್ತಿ ಆ ಕುಪ್ಪಸದ ಪಕ್ಕಕ್ಕೆ ಇಟ್ಟರು.

ಅಂದು ಸಂಜೆಯೇ ನಿಂಬೆವ್ವ ಕಂಪನಿಯವನಿಗೆ ಫೋನು ಮಾಡಿದಳು. ಹೆಂಗಸರ ಬೂಟಿನಲ್ಲಿ ಅಷ್ಟು ಅಗಲದ್ದು ಇಲ್ಲ, ಹೇಗಾದರೂ ಮಾಡಿ ಹಾಕಿಕೊಳ್ಳಿ ಅಂದ. ಹಾಗಾದರೆ ಕತ್ತರಿಸಿಕೊಳ್ಳುತ್ತೇನೆ ಅಂದಳು. ನಗೆಮಾತು ಅಂದುಕೊಂಡು ಅವನು ನಕ್ಕು ಫೋನು ಇಟ್ಟ.

ಅವಳು ಅಂಗಡಿಯ ದೊಡ್ಡ ಕತ್ತರಿ ತೆಗೆದುಕೊಂಡಳು. ಕಂಪನಿಯ ಹೆಸರಿಗೆ ಧಕ್ಕೆಯಾಗದಂತೆ, ಕಿರುಬೆರಳಿನ ಕಡೆ ಎರಡೂ ಬೂಟಿಗೆ ಒಂದೊಂದು ಕಿಟಕಿ ತೆರೆದಳು. ಅಂಚು ಬಿಚ್ಚದಂತೆ ಅಂಗಿಯ ಗುಂಡಿಗೆ ಕಾಜ ಕಟ್ಟುವ ಹಾಗೆ ಸುತ್ತಲೂ ಕೆಂಪು ದಾರ ಸುತ್ತಿದಳು. ಉಳಿದ ದಿನಗಳಲ್ಲಿ ಕಾಲಿಗೆ ವಿಶ್ರಾಂತಿ ಕೊಟ್ಟಳು.

ಓಟದ ದಿನ ಎಪ್ಪತ್ತನೆಯ ಕಿಲೋಮೀಟರಿನಲ್ಲಿ ಹೋದ ವರ್ಷ ಕೂತ ಜಾಲಿಮರ ಕಂಡಿತು. ಈ ಸಲ ಕೂರಲಿಲ್ಲ. ಎರಡು ಕಿರುಬೆರಳೂ ಕಿಟಕಿಯಿಂದ ಇಣುಕಿ, ನೂರು ಕಿಲೋಮೀಟರು ಊರು ನೋಡಿಕೊಂಡು ಬಂದವು.

ಮರುವಾರ ಮಠಕ್ಕೆ ಬಂದು ಪದಕವನ್ನು ತಾಯಿಯ ಮುಂದಿಟ್ಟಳು. ಆದರೆ ಮುಖ ಸಣ್ಣದಾಗಿತ್ತು.

“ಯಾಕವ್ವ?”

ಕಂಪನಿಯವನು ಮಂಡಿಯಿಂದ ಮೇಲಷ್ಟೇ ಫೋಟೊ ಹೊಡೆದನಂತೆ. ಮುಂದಿನ ವರ್ಷ ನಿನಗೆ ಏನೂ ಇಲ್ಲ ಅಂದನಂತೆ. ಅದನ್ನೆಲ್ಲ ಹೇಳಿ ನಿಂಬೆವ್ವ ತಲೆ ತಗ್ಗಿಸಿದಳು.

“ಅವ್ರು ಕೊಟ್ಟಿದ್ರು ತಾಯಿ. ನಾ ಕತ್ತರಿ ಹಾಕಿದೆ. ಉಪಕಾರ ಮರೆತಂಗ ಆತೇನ್ರಿ?”

ತಾಯಿ ಕೈಯೆತ್ತಿ ಅವಳ ತಲೆ ನೇವರಿಸಿದರು. ಮೈಮೇಲೆ ಅದೇ ಕುಪ್ಪಸ. ಬಿಡಿಸಿದ ತೋಳು ಹಗುರವಾಗಿ ಮೇಲೆ ಸರಿಯಿತು. ರಟ್ಟೆಯ ಮೇಲಿನ ಬರೆ ಮಾಸತೊಡಗಿತ್ತು.

“ಬರೋ ಶಿವರಾತ್ರಿಗೆ ನನಗ ಇನ್ನೊಂದು ಕುಪ್ಪಸ ಹೊಲಿದು ಕೊಡವ್ವ,” ಎಂದರು. “ಬರುವಾಗ ಟೇಪು ತಗೊಂಡು ಬಾ.”