ಮಗ್ಗ ಮಗನಾದದ್ದು

ಮೊದಲೇ ಹೇಳಿಬಿಡುತ್ತೇನೆ, ನನಗೆ ಕತೆ ಹೇಳಿ ಅಭ್ಯಾಸವಿಲ್ಲ. ಇದೇ ಮೊದಲು. ಚೆನ್ನಾಗಿ ಬರದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಹೊಟ್ಟೆಗೆ ಹಾಕಿಕೊಳ್ಳಿ ಎಂದರೆ ಕ್ಷಮಿಸಿ ಎಂದು, ತಿನ್ನಿ ಎಂದಲ್ಲ.

ಒಂದಾನೊಂದು ಊರಿನಲ್ಲಿ, ಅದು ಕಂಪ್ಯೂಟರಿನ ಒಳಗಿದ್ದ ಊರು, ಹದಿಮೂರನೇ ನಡೆಸಪ್ಪ ಎಂಬ ರಾಜನಿದ್ದ. ಊರಿನ ಗಾಳಿ, ಬೆಳಕು, ಬಾಗಿಲು ಎಲ್ಲವನ್ನೂ ಅವನೇ ನಡೆಸುತ್ತಿದ್ದ, ಅದಕ್ಕೇ ನಡೆಸಪ್ಪ. ಇಂಥವನನ್ನು ತಿಳಿದವರು ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ಆ ಊರಿಗೊಂದು ಕಟ್ಟಳೆ ಇತ್ತು. ಅರಮನೆಯ ದಫ್ತರದಲ್ಲಿ ಹೇಗೆ ಬರೆದಿದೆಯೋ ವಸ್ತು ಹಾಗೇ ಇರಬೇಕು. ‘ಕೊಡ’ ಎಂದು ಬರೆದಿದ್ದರೆ ಕೊಡ. ಕೈತಪ್ಪಿ ‘ಕೊಡೆ’ ಎಂದು ಬರೆದರೆ ಅದೇ ಕೊಡ ಕೊಡೆಯಾಗಿ ಬಿಚ್ಚಿಕೊಳ್ಳುತ್ತಿತ್ತು.

ರಾಜನಿಗೆ ಕನ್ನಡದ ಅಕ್ಷರ ಗೊತ್ತಿತ್ತು, ಒತ್ತು ಗೊತ್ತಿರಲಿಲ್ಲ. ಒತ್ತು ಎಂದರೆ ಅಕ್ಷರದ ಕಾಲಡಿ ಕೂರುವ ಇನ್ನೊಂದು ಅಕ್ಷರ. ಅದನ್ನು ಕೂರಿಸಲು ಹೊರಗಿನಿಂದ ಒಬ್ಬ ಮುದುಕಿ ಬರುತ್ತಿದ್ದಳು, ಒತ್ತಜ್ಜಿ. ಅವಳು ರಾಜನ ಆಳಲ್ಲ, ಬೇರೆ ಯಾರೋ ಮಾಡಿ ಕಳಿಸಿದ ಸಣ್ಣ ಸಾಫ್ಟ್‌ವೇರು. ದಿನಾ ಬೆಳಿಗ್ಗೆ ಬುಟ್ಟಿಯಲ್ಲಿ ಒತ್ತುಗಳನ್ನು ಹೊತ್ತು ತಂದು, ದಫ್ತರದ ಅಕ್ಷರಗಳ ಅಡಿ ಇಟ್ಟು ಹೋಗುವಳು.

ಒಂದು ಬೆಳಿಗ್ಗೆ ಹದಿಮೂರನೇ ನಡೆಸಪ್ಪ ಕಣ್ಣು ಮುಚ್ಚಿದ. ತೆರೆದಾಗ ಹದಿನಾಲ್ಕನೇ ನಡೆಸಪ್ಪನಾಗಿದ್ದ. ಇದನ್ನು ಅಪ್‌ಡೇಟ್ ಎನ್ನುತ್ತಾರೆ. ಸತ್ತವನೂ ಅವನೇ, ಹುಟ್ಟಿದವನೂ ಅವನೇ, ಆದ್ದರಿಂದ ಯಾರೂ ಅಳಲಿಲ್ಲ.

“ಯಾರು ನೀನು?” ಎಂದು ಹೊಸ ರಾಜ ಮುದುಕಿಯನ್ನು ಕೇಳಿದ.

“ಒತ್ತಜ್ಜಿ ರೀ. ದಿನಾ ಬರಾಕಿ.”

“ನಿನ್ನನ್ನು ಮಾಡಿದವರು ಯಾರು?”

“ಅವರು ಅಂಗಡಿ ಮುಚ್ಚಿ ಹೋಗಿ ಒಂಬತ್ತು ವರ್ಷಾತ್ರಿ.”

“ಹಾಗಾದರೆ ನಿನಗೂ ನಮಗೂ ಹೊಂದಾಣಿಕೆ ಇಲ್ಲ.”

ಬಾಗಿಲು ಮುಚ್ಚಿತು. ದಫ್ತರದ ಒತ್ತುಗಳೆಲ್ಲ ಉದುರಿದವು.

‘ಕತ್ತೆ’ ಎಂದಿದ್ದದ್ದು ‘ಕತೆ’ ಎಂದಾಯಿತು. ಕುಂಬಾರ ದ್ಯಾವಣ್ಣ ಮಡಕೆ ಹೇರಲು ಹೋದ, ಕತೆಗೆ ಬೆನ್ನೇ ಇರಲಿಲ್ಲ. ಮಡಕೆಗಳನ್ನು ತಾನೇ ಹೊತ್ತು, ಕತೆ ಕೇಳುತ್ತಾ ಸಂತೆಗೆ ನಡೆದ. ಅದು ದುಃಖದ ಕತೆ.

‘ಹಗ್ಗ’ ಎಂದಿದ್ದದ್ದು ‘ಹಗ’ ಎಂದಾಯಿತು. ಹಗ ಎಂದರೆ ಏನೆಂದು ಯಾರಿಗೂ ತಿಳಿಯದ್ದರಿಂದ ಅದು ಏನೂ ಆಗಲಿಲ್ಲ, ಸುಮ್ಮನೆ ಇಲ್ಲವಾಯಿತು. ಊರಿಗಿದ್ದದ್ದು ಒಂದೇ ಬಾವಿ. ಅದರಲ್ಲಿ ನೀರಿತ್ತು, ಸೇದಲು ಏನೂ ಇರಲಿಲ್ಲ.

ನೇಕಾರರ ರಾಚವ್ವನ ಮನೆಯಲ್ಲಿ ಮಗ್ಗವಿತ್ತು. ಅದು ಮಗ ಆಯಿತು.

ರಾಚವ್ವನಿಗೆ ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಮಗ್ಗ ಅವಳ ಮಾವನ ಕಾಲದ್ದು, ಅರವತ್ತು ವರ್ಷ ಹಳೆಯದು. ಆದ್ದರಿಂದ ಮಗನಿಗೂ ಅರವತ್ತು ವರ್ಷ. ರಾಚವ್ವನಿಗೆ ಐವತ್ತು. ಲೆಕ್ಕ ಸರಿಯಾಗಿದೆ, ನಾನು ಎರಡು ಸಲ ನೋಡಿದ್ದೇನೆ. ಅವನು ನರೆತ ಮೀಸೆಯವನು, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ನೂಲಿನ ಲಾಳಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಎಸೆಯುತ್ತಿದ್ದ. ಒತ್ತಿಲ್ಲದೆ ಹುಟ್ಟಿದವನಾದ್ದರಿಂದ ಅವನ ಬಾಯಲ್ಲಿ ಒತ್ತು ಬರುತ್ತಿರಲಿಲ್ಲ.

“ಅವಾ,” ಎಂದ.

“ಅವ್ವಾ ಅನ್ನಪಾ.”

“ಅವಾ.”

“ಇರ್ಲಿ ಬಿಡು. ಗಂಜಿ ಕುಡೀತೀ?”

“ಕುಡೀತೀನಿ.”

ಅವತ್ತು ರಾಚವ್ವ ಎರಡು ಗಂಗಾಳ ಇಟ್ಟಳು. ಎರಡನೆಯದನ್ನು ತೊಳೆಯುವಾಗ ಸುಮ್ಮಸುಮ್ಮನೆ ಇನ್ನೊಂದು ಸಲ ತೊಳೆದಳು.

ಮೂರನೇ ದಿನ ಕೊಡದ ನೀರು ಮುಗಿಯಿತು. ಮಗನ ತುಟಿ ಒಡೆಯಿತು. “ಅವಾ, ನೀರು,” ಎಂದ. ರಾಚವ್ವ ಅರಮನೆಗೆ ಓಡಿದಳು. ‘ಒತ್ತು ಬೇಕು’ ಎಂದು ಅರ್ಜಿ ಬರೆದಳು. ಅದು ‘ಒತು ಬೇಕು’ ಎಂದು ನಿಂತಿತು.

ರಾಜ ಓದಿ, “ಒತು ನಮ್ಮಲ್ಲಿ ಸಿಗುವುದಿಲ್ಲ,” ಎಂದ.

“ಹಂಗಲ್ರೀ ಧಣ್ಯಾರ. ಒತ್ತಜ್ಜಿನ ಒಳಗ ಬಿಡ್ರಿ. ಆಕಿ ನಿಮ್ಮಪ್ಪನ ಮಾತು ಕೇಳ್ತಿದ್ಲು.”

“ನಮ್ಮಪ್ಪ ನಾನೇ.”

“ಮತ್ತ ಚಲೋನ ಆತಲ್ರಿ. ಆಕಿ ಮುಂದ ಮೂರು ದಿನದ ಹಿಂದಿನ ನೀವಾಗಿ ಕುಂದರ್ರಿ.”

ರಾಜ ಒಪ್ಪಿದ. ಹೊಸ ಸಿಸ್ಟಂ ಹೀಗೆ ಹಳೆಯದರ ವೇಷ ಹಾಕುವುದು ನಿಜವಾಗಿಯೂ ಇದೆ, ನಾನು ಕಟ್ಟಿದ್ದಲ್ಲ. ಅವನು ಸತ್ತ ತನ್ನ ಕಿರೀಟ ಇಟ್ಟುಕೊಂಡು, ಸತ್ತ ತನ್ನ ಕೆಮ್ಮು ಕೆಮ್ಮಿ, “ಬಾ ಅಜ್ಜಿ, ತಡವಾಯಿತಲ್ಲ,” ಎಂದ. ಒತ್ತಜ್ಜಿ ಕಣ್ಣೊರೆಸಿಕೊಂಡು ಒಳಗೆ ಬಂದಳು.

ಮೊದಲು ಕ್ಕ ಇಟ್ಟಳು. ಬೆಕ್ಕುಗಳು, ಹಕ್ಕಿಗಳು ಮರಳಿದವು. ಆಮೇಲೆ ಖ. ದುಃಖಕ್ಕೆ ಒತ್ತು ಬೇಡ, ಅದು ತನ್ನಷ್ಟಕ್ಕೇ ಇರುತ್ತದೆ ಎಂದು ಅಲ್ಲಿ ದಣಿವಾರಿಸಿಕೊಂಡಳು. ಮುಂದಿನದು ಗ್ಗ.

ಆಗ ರಾಚವ್ವನಿಗೆ ಹೊಳೆಯಿತು. ಗ್ಗ ಬಂದರೆ ಹಗ್ಗ ಬರುತ್ತದೆ, ಊರಿಗೆ ನೀರು ಬರುತ್ತದೆ. ಗ್ಗ ಬಂದರೆ ಮಗ ಮಗ್ಗವಾಗುತ್ತಾನೆ.

“ಹಗ್ಗಕ್ಕ ಇಟ್ಟು ಮಗ್ಗಕ್ಕ ಬಿಡಬೇ ಅಜ್ಜಿ.”

“ಆಗಂಗಿಲ್ಲವ್ವ. ಒಂದು ಕಡೆ ಬಂತಂದ್ರ ಎಲ್ಲಾ ಕಡೆ ಬಂತು. ನನ್ನ ಮಾಡಿದವರು ಹಂಗ ಮಾಡ್ಯಾರ. ಅವರು ಇದ್ದಿದ್ರ ಕೇಳಬಹುದಿತ್ತು.”

“ಹಂಗಾದ್ರ ಇಡಬ್ಯಾಡ.”

“ಇಡದಿದ್ರ ನಿನ್ನ ಮಗ ನೀರಿಲ್ದ ಸಾಯ್ತಾನ. ಇಟ್ರ ಮಗ್ಗ ಆಗ್ತಾನ. ಯಾವುದಾದ್ರೂ ಒಂದು ಹೇಳಬೇ, ಬುಟ್ಟಿ ಹಿಡಿದು ಕೈ ನೋಯ್ತೈತಿ.”

ರಾಚವ್ವ ಬೆರಳು ಮಡಿಸುತ್ತಾ ಕ, ಖ, ಗ ಎಂದು ಕೊನೆಯ ತನಕ ಎಣಿಸಿದಳು. ಆಮೇಲೆ, “ಕಡೇ ಅಕ್ಷರದಿಂದ ಹಿಂದಕ್ಕ ಬಾ,” ಎಂದಳು.

“ಯಾಕ?”

“ಹಂಗ ಬಂದ್ರ ಗ್ಗಕ್ಕಿಂತ ಮೊದಲು ವ್ವ ಬರ್ತೈತಿ.”

ಇದನ್ನು ಬಿಡಿಸಿ ಹೇಳಬೇಕು. ನಮ್ಮ ವರ್ಣಮಾಲೆಯಲ್ಲಿ ಗ ಮೊದಲಲ್ಲಿದೆ, ವ ಕೊನೆಯ ಕಡೆಗಿದೆ. ಸಾಲು ಪ್ರಕಾರ ಇಟ್ಟರೆ ವ್ವ ಬರುವ ಹೊತ್ತಿಗೆ ಅವನು ಮಗ್ಗವಾಗಿರುತ್ತಾನೆ. ಮಗ್ಗ ಅವ್ವಾ ಎನ್ನುವುದಿಲ್ಲ.

ರಾಚವ್ವ ಮನೆಗೆ ಬಂದು ಮಗನ ಎದುರು ಕೂತಳು. ಅತ್ತ ಒತ್ತಜ್ಜಿ ಳ್ಳ ಇಟ್ಟಳು, ಬೆಳ್ಳುಳ್ಳಿ ಬಂತು. ಸ್ಸ ಇಟ್ಟಳು, ಬಸ್ಸು ಬಂತು. ಆಮೇಲೆ ಮಗ ಲಾಳಿ ನಿಲ್ಲಿಸಿದ.

“ಅವ್ವಾ,” ಎಂದ.

“ಏನಪಾ?”

“ಏನಿಲ.” ಲ್ಲ ಇನ್ನೂ ಬಂದಿರಲಿಲ್ಲ. “ಅವ್ವಾ,” ಎಂದ ಮತ್ತೆ.

ಮ್ಮ ಬಂತು, ಪ್ಪ ಬಂತು. ತ್ತ ಬಂದಾಗ ದ್ಯಾವಣ್ಣನ ಕತೆ ಅರ್ಧಕ್ಕೇ ನಿಂತು ಕತ್ತೆಯಾಯಿತು. ಟ್ಟ ಇಡುವಾಗಲೂ ಮಗ ಅವ್ವಾ ಎನ್ನುತ್ತಿದ್ದ. ಜ್ಜ ಇಡುವಾಗ ದನಿ ಒಣಗಿತ್ತು, ಆದರೂ ಅಂದ. ಚ್ಚ ಇಡುವಾಗಲೂ ಅಂದ.

ಆಮೇಲೆ ಬಾವಿಯ ಗಡಗಡೆ ಸದ್ದು ಮಾಡಿತು. ಊರವರೆಲ್ಲ ಹೋ ಎಂದು ಕೊಡ ಹಿಡಿದು ಓಡಿದರು. ರಾಚವ್ವ ಹೋಗಲಿಲ್ಲ. ಕುಣಿಗೆ ಕೈ ಚಾಚಿ ಲಾಳಿ ಎತ್ತಿಕೊಂಡಳು. ಅದಿನ್ನೂ ಬೆಚ್ಚಗಿತ್ತು.

ಇದರ ನೀತಿ ಏನೆಂದರೆ, ಅಪ್‌ಡೇಟ್ ಆಗಲಿ, ಅಪ್‌ಡೇಟಿನ ರಿಪೇರಿಯಾಗಲಿ, ಮಾಡಿಸುವ ಮೊದಲು ಇರುವುದರ ಒಂದು ಪ್ರತಿ ಎತ್ತಿಟ್ಟುಕೊಳ್ಳಬೇಕು. ಮಗನ ಪ್ರತಿ ಎತ್ತಿಡುವುದು ಹೇಗೆ ಎಂದು ನೀವು ಕೇಳಬಹುದು. ಅದಕ್ಕೊಂದು ಉಪಾಯವಿದೆ, ಬಹಳ ಸುಲಭದ್ದು, ಪಾಪ ರಾಚವ್ವನಿಗೆ ಯಾರೂ ಹೇಳಲಿಲ್ಲ. ಮೊದಲು ನೀವು, ಹಾಂ? ಬಂದೆ, ಬಂದೆ! ಒಳಗಿನಿಂದ ಕರೆಯುತ್ತಿದ್ದಾರೆ, ಹೋಗದಿದ್ದರೆ ಆಗುವುದಿಲ್ಲ. ಮೊದಲು ನೀವು ಏನು ಮಾಡಬೇಕೆಂದರೆ, ಮಗ ಇನ್ನೂ ಮಗನಾಗಿರುವಾಗಲೇ